ಭೂಸ್ವಾಧೀನದ ಕಾಲದಲ್ಲಿ ಭೂಮಾಲೀಕರು ತಿಳಿದಿರತಕ್ಕ ವಿಷಯಗಳು

ಒಕ್ಕಲುತನಕ್ಕೆ ಆಧಾರವಾದ ಸಾಧನಗಳಲ್ಲಿ ಭೂಮಿಯೇ ಮೊದಲನೆಯದು. ಬೀಜವು ಕೆಟ್ಟರೆ ಮರುವರ್ಷ ಬೇರೆ ಬೀಜವನ್ನು ತರಬಹುದು. ಎತ್ತು ಸತ್ತರೆ ಸಾಲಮಾಡಿಯಾದರೂ ಮತ್ತೊಂದನ್ನು ಕಟ್ಟಬಹುದು. ಭೂಮಿಯೇ ಕೈಬಿಟ್ಟುಹೋದರೆ ಒಕ್ಕಲುತನವೇ ಮುಗಿದಂತಾಗುವುದು. ಆದರೆ ಕೆರೆ, ಕಾಲುವೆ, ರಸ್ತೆ, ರೈಲುದಾರಿ, ಕಾರ್ಖಾನೆ ಮುಂತಾದ ಕಾರ್ಯಗಳಿಗೆ ನೆಲವು ಬೇಕೇಬೇಕು. ಸಾರ್ವಜನಿಕ ಉದ್ದೇಶಕ್ಕಾಗಿ ಖಾಸಗಿ ಜಮೀನನ್ನು ಬೆಲೆಕೊಟ್ಟು ತೆಗೆದುಕೊಳ್ಳುವ ಅಧಿಕಾರವು ಎಲ್ಲ ದೇಶಗಳ ಸರ್ಕಾರಗಳಿಗೂ ಉಂಟು. ಈ ಅಧಿಕಾರವು ಎಷ್ಟು ದೊಡ್ಡದೋ ಅದಕ್ಕೆ ಕಾನೂನು ಹಾಕಿರುವ ಕಟ್ಟುಗಳೂ ಅಷ್ಟೇ ಬಲವಾದವು. ಆ ಕಟ್ಟುಗಳನ್ನು ತಿಳಿಯದ ಭೂಮಾಲೀಕನಿಗೆ ಅವು ಇದ್ದೂ ಇಲ್ಲದಂತೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳ ಗ್ರಾಮಮುಖಂಡರೂ ಭೂಮಾಲೀಕರೂ ಈ ವಿಷಯದಲ್ಲಿ ತಿಳಿದಿರತಕ್ಕ ಮುಖ್ಯಾಂಶಗಳನ್ನು ಕೆಳಗೆ ಕ್ರಮವಾಗಿ ವಿವರಿಸಲಾಗಿದೆ.

1. ತುಂಗಭದ್ರಾ ಜಲಾಶಯದಿಂದ ಕಲಿಯತಕ್ಕ ಪಾಠ

ಈ ಸೀಮೆಯವರಿಗೆ ಭೂಸ್ವಾಧೀನವು ಹೊಸ ಮಾತಲ್ಲ. ಮದ್ರಾಸ್ ಸರ್ಕಾರವೂ ಹೈದರಾಬಾದ್ ಸಂಸ್ಥಾನವೂ ಕೂಡಿ ಕೈಗೊಂಡ ತುಂಗಭದ್ರಾ ಯೋಜನೆಗೆ 1945ನೇ ಇಸವಿ ಫೆಬ್ರವರಿ 28ರಂದು ಅಸ್ತಿಭಾರವನ್ನು ಹಾಕಲಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಜಲಾಶಯದ ನೀರು ನಿಂತ ಪ್ರದೇಶದಲ್ಲಿ ಸುಮಾರು 90 ಗ್ರಾಮಗಳು ಮುಳುಗಿದವು. ನದಿಯ ಎರಡೂ ದಡಗಳ ಫಲವತ್ತಾದ ಎರೆಭೂಮಿಯು ನೀರಿನ ಪಾಲಾಯಿತು. ನಾರಾಯಣದೇವರಕೆರೆಯ ಜನರು ಊರು ಬಿಟ್ಟು ಮರಿಯಮ್ಮನಹಳ್ಳಿಯ ಕಡೆಗೆ ಬಂದು ನೆಲಸಬೇಕಾಯಿತು. ಯೋಜನೆಯಿಂದ ಆದ ಪ್ರಯೋಜನವು ಸಣ್ಣದಲ್ಲ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿಯೂ ಅದರಾಚೆಗೂ ಲಕ್ಷಾಂತರ ಎಕರೆಗೆ ನೀರು ದೊರೆಯಿತು. ಆದರೆ ಭೂಮಿಯನ್ನು ಕೊಟ್ಟವರು ಅಣೆಕಟ್ಟಿನ ಮೇಲ್ಭಾಗದವರು. ನೀರನ್ನು ಪಡೆದವರು ಕೆಳಭಾಗದವರು. ಮೇಲ್ಭಾಗದ ಹಡಗಲಿ ಸೀಮೆಯ ಕೆಲವು ಹಳ್ಳಿಗಳಿಗೆ ನದಿಯ ನೀರು ತಲುಪಬೇಕಾದರೆ ಹಮ್ಮಿಗಿಯ ಬಳಿ ಬ್ಯಾರೇಜು ಕಟ್ಟಿ ಸಿಂಗಟಾಲೂರು ಏತ ನೀರಾವರಿಯ ಕೆಲಸ ನಡೆಯುವವರೆಗೂ ಕಾಯಬೇಕಾಯಿತು.

ಅಂದು ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಆಕ್ಟು. ಆಕ್ಷೇಪಣೆಯನ್ನು ಹೇಳಿಕೊಳ್ಳುವ ಅವಕಾಶವೇ ಅದರಲ್ಲಿ ಮೊದಲು ಇರಲಿಲ್ಲ. 1923ರ ತಿದ್ದುಪಡಿಯಿಂದ ಅದು ಸೇರಿತು. ಮಾರುಕಟ್ಟೆಯ ಬೆಲೆಯ ಮೇಲೆ ನೂರಕ್ಕೆ 15ರಂತೆ ಹೆಚ್ಚುವರಿ ಹಣವನ್ನು ಕೊಡುತ್ತಿದ್ದರು. 1984ರಲ್ಲಿ ಅದು ನೂರಕ್ಕೆ 30 ಆಯಿತು. ಊರುಬಿಟ್ಟವರಿಗೆ ಪುನರ್ವಸತಿಯನ್ನು ಹಕ್ಕಾಗಿ ಕೊಡುವ ಮಾತು ಆ ಆಕ್ಟಿನಲ್ಲಿ ಇರಲಿಲ್ಲ. ಹೊಲದಲ್ಲಿ ಕೂಲಿಮಾಡಿ ಬದುಕುತ್ತಿದ್ದವರಿಗೆ ಅದರಲ್ಲಿ ಹೆಸರೇ ಇರಲಿಲ್ಲ. ತುರ್ತು ಎಂಬ ಕಾರಣವನ್ನು ತೋರಿಸಿ ಆಕ್ಷೇಪಣೆಯ ವಿಚಾರಣೆಯನ್ನೇ ಬಿಟ್ಟುಬಿಡಲು ಅವಕಾಶವಿದ್ದಿತು. ಈ ಕೊರತೆಗಳ ಅನುಭವದಿಂದಲೇ ಮುಂದಿನ ಕಾನೂನು ಹುಟ್ಟಿತು.

2. ಈಗಿನ ಕಾನೂನು

1978ರ 44ನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದಿತು. ಅದರಿಂದ ಹಕ್ಕು ಅಳಿಯಿತೆಂದು ತಿಳಿಯಕೂಡದು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳಕೂಡದೆಂದು ಸಂವಿಧಾನದ 300-ಎ ವಿಧಿಯು ಹೇಳುತ್ತದೆ. 1894ರ ಆಕ್ಟು ರದ್ದಾಗಿ, ಅದರ ಸ್ಥಾನದಲ್ಲಿ ನ್ಯಾಯಯುತ ಪರಿಹಾರ ಮತ್ತು ಪಾರದರ್ಶಕತೆಯ ಹಕ್ಕನ್ನು ಕೊಡುವ 2013ರ ಭೂಸ್ವಾಧೀನ, ಪುನರ್ವಸತಿ ಮತ್ತು ಪುನರ್ವ್ಯವಸ್ಥೆ ಕಾಯಿದೆಯು 2014ರ ಜನವರಿ 1ರಿಂದ ಜಾರಿಗೆ ಬಂದಿತು.

ಎಲ್ಲ ಸ್ವಾಧೀನವೂ ಈ ಒಂದೇ ಕಾಯಿದೆಯ ಪ್ರಕಾರ ನಡೆಯುವುದಿಲ್ಲವೆಂಬುದನ್ನು ಚೆನ್ನಾಗಿ ಗಮನದಲ್ಲಿಡತಕ್ಕದ್ದು. ನೋಟೀಸು ಕೈಗೆ ಬಂದ ಕೂಡಲೆ ಅದರ ತಲೆಬರಹದಲ್ಲಿ ಯಾವ ಕಾಯಿದೆಯ ಯಾವ ಕಲಮು ನಮೂದಾಗಿದೆಯೆಂದು ನೋಡಬೇಕು. ವಾಯಿದೆಯೂ, ಮೊರೆಯಿಡತಕ್ಕ ಅಧಿಕಾರಿಯೂ ಅದರಂತೆ ಬೇರೆಬೇರೆಯಾಗುತ್ತವೆ.

(ಅ) ಸಾಮಾನ್ಯ ಸಾರ್ವಜನಿಕ ಕಾರ್ಯಗಳಿಗೆ 2013ರ ಕಾಯಿದೆ. ಇದರಲ್ಲಿ 11ನೆಯ ಕಲಮಿನ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ 60 ದಿನಗಳೊಳಗೆ ಆಕ್ಷೇಪಣೆಯನ್ನು ಸಲ್ಲಿಸತಕ್ಕದ್ದು.

(ಆ) ರಾಷ್ಟ್ರೀಯ ಹೆದ್ದಾರಿಗೆ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ. ಕೂಡ್ಲಿಗಿಯ ಮೇಲೆ ಹಾದುಹೋಗುವ ಹೊಸಪೇಟೆ-ಚಿತ್ರದುರ್ಗ ಹೆದ್ದಾರಿಯಂಥ ಕಾಮಗಾರಿಗಳು ಇದಕ್ಕೆ ಸೇರಿದವು. ಇಲ್ಲಿ ಆಕ್ಷೇಪಣೆಗೆ ಅಧಿಸೂಚನೆಯ ತಾರೀಖಿನಿಂದ 21 ದಿನಗಳು ಮಾತ್ರ. ಪರಿಹಾರದ ಮೊತ್ತವು ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರವು ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿಯನ್ನು ಹಾಕಬೇಕು.

(ಇ) ಕೈಗಾರಿಕೆಗೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ. ಇಲ್ಲಿ 28ನೆಯ ಕಲಮಿನ ನೋಟೀಸು ಮುಟ್ಟಿದ ದಿನದಿಂದ 30 ದಿನಗಳೊಳಗೆ ಉತ್ತರವನ್ನು ಕೊಡತಕ್ಕದ್ದು. ಅಂತಿಮ ಘೋಷಣೆ ಪ್ರಕಟವಾದ ಕೂಡಲೆ ಜಮೀನು ಸರ್ಕಾರಕ್ಕೆ ಸೇರಿಬಿಡುತ್ತದೆ. ಆದಕಾರಣ ಈ ಬಗೆಯ ನೋಟೀಸಿನಲ್ಲಿ ಸಾವಕಾಶವು ಬಹಳ ಕಡಿಮೆ.

2013ರ ಕಾಯಿದೆಯ ಪ್ರಕಾರ ಅಧಿಸೂಚನೆಗೆ ಮೊದಲೇ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಮಾಡಿ, ಗ್ರಾಮ ಪಂಚಾಯತಿಯೊಡನೆ ಸಮಾಲೋಚಿಸಿ, ಊರಿನಲ್ಲಿ ಬಹಿರಂಗ ಸಭೆಯನ್ನು ನಡೆಸಿ, ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಪ್ರಕಟಿಸಬೇಕು. ಖಾಸಗಿ ಕಂಪೆನಿಗಾಗಿ ಜಮೀನನ್ನು ತೆಗೆದುಕೊಳ್ಳುವುದಾದರೆ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ 80ರಷ್ಟು, ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆಯ ಯೋಜನೆಯಾದರೆ ನೂರಕ್ಕೆ 70ರಷ್ಟು ಮಂದಿಯ ಒಪ್ಪಿಗೆ ಬೇಕು. ನೀರಾವರಿಯಿಂದ ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯುವ ಜಮೀನನ್ನು ಬೇರೆ ದಾರಿಯಿಲ್ಲದಾಗ ಮಾತ್ರ ತೆಗೆದುಕೊಳ್ಳಬೇಕೆಂದು 10ನೆಯ ಕಲಮು ಹೇಳುತ್ತದೆ. ಕರ್ನಾಟಕದ 2019ರ ತಿದ್ದುಪಡಿಯು ಕೆಲವು ಬಗೆಯ ಯೋಜನೆಗಳನ್ನು ಪರಿಣಾಮ ಅಧ್ಯಯನ ಮುಂತಾದ ಈ ಮುಂಗಟ್ಟುಗಳಿಂದ ಬಿಡಲು ಅವಕಾಶಕೊಟ್ಟಿದೆ. ಆದುದರಿಂದ ತಮ್ಮ ಊರಿನ ಯೋಜನೆಗೆ ಅಂಥ ವಿನಾಯಿತಿಯ ಆದೇಶವು ಹೊರಟಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿ ತಿಳಿಯುವುದು ಒಳ್ಳೆಯದು.

3. ಭೂಮಾಲೀಕನ ಏಳು ಹಕ್ಕುಗಳು

2024ರ ಮೇ 16ರಂದು ಕೊಲ್ಕತ್ತಾ ಪುರಸಭೆಯ ಪ್ರಕರಣವೊಂದರಲ್ಲಿ ತೀರ್ಪುಕೊಟ್ಟ ಸುಪ್ರೀಂ ಕೋರ್ಟು, ಸಂವಿಧಾನದ 300-ಎ ವಿಧಿಯೊಳಗೆ ಅಡಕವಾಗಿರುವ ಏಳು ಹಕ್ಕುಗಳನ್ನು ಎಣಿಸಿ ಹೇಳಿತು. ಬರಿಯ ಪರಿಹಾರದ ಹಣವನ್ನು ಕೊಟ್ಟಮಾತ್ರಕ್ಕೆ ಸ್ವಾಧೀನವು ಕ್ರಮಬದ್ಧವಾಗದು ಎಂಬುದೇ ಆ ತೀರ್ಪಿನ ತಿರುಳು. ಹಕ್ಕುಗಳಾವುವೆಂದರೆ:

ಒಂದನೆಯದು, ಜಮೀನನ್ನು ತೆಗೆದುಕೊಳ್ಳುವ ಉದ್ದೇಶವನ್ನು ಮುಂಚಿತವಾಗಿ ತಿಳಿಸಿಕೊಳ್ಳುವ ಹಕ್ಕು. ಎರಡನೆಯದು, ಆಕ್ಷೇಪಣೆಯನ್ನು ಹೇಳಿಕೊಳ್ಳುವ ಹಕ್ಕು. ಮೂರನೆಯದು, ಆಕ್ಷೇಪಣೆಗೆ ಕಾರಣಸಹಿತವಾದ ತೀರ್ಮಾನವನ್ನು ಪಡೆಯುವ ಹಕ್ಕು. ನಾಲ್ಕನೆಯದು, ಸಾರ್ವಜನಿಕ ಉದ್ದೇಶಕ್ಕಲ್ಲದೆ ಬೇರಾವುದಕ್ಕೂ ಜಮೀನನ್ನು ತೆಗೆದುಕೊಳ್ಳದಂತೆ ಸರ್ಕಾರದ ಮೇಲಿರುವ ಹೊಣೆ. ಐದನೆಯದು, ನ್ಯಾಯವಾದ ಪರಿಹಾರ ಅಥವಾ ಪುನಃಸ್ಥಾಪನೆಯ ಹಕ್ಕು. ಆರನೆಯದು, ಕೆಲಸವು ದಕ್ಷತೆಯಿಂದಲೂ ಗೊತ್ತಾದ ಕಾಲದಲ್ಲಿಯೂ ನಡೆಯಬೇಕೆಂಬ ಹಕ್ಕು. ಏಳನೆಯದು, ಎಲ್ಲವೂ ಒಂದು ಕೊನೆಯನ್ನು ಮುಟ್ಟಿ, ಜಮೀನಿನ ಹಕ್ಕು ಯಾರದೆಂಬುದು ಸ್ಪಷ್ಟವಾಗಬೇಕೆಂಬ ಹಕ್ಕು.

ಇವುಗಳಲ್ಲಿ ಆರನೆಯ ಹಕ್ಕಿನ ಬೆಲೆಯೇನೆಂಬುದಕ್ಕೆ ಕರ್ನಾಟಕದ್ದೇ ನಿದರ್ಶನವುಂಟು. ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಗಾಗಿ 2003ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆಯಾಯಿತು. 2005ರಲ್ಲಿ ಜಮೀನಿನ ಸ್ವಾಧೀನವನ್ನೂ ಪಡೆಯಲಾಯಿತು. ಐತೀರ್ಪು ಮಾತ್ರ 2019ರ ಏಪ್ರಿಲ್ 22ರವರೆಗೆ ಆಗಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು, ಇಂಥ ವಿಳಂಬದ ನಷ್ಟವನ್ನು ಭೂಮಾಲೀಕರು ಹೊರತಕ್ಕದ್ದಲ್ಲವೆಂದು ಹೇಳಿ, 2019ರ ಏಪ್ರಿಲ್ 22ರ ಮಾರುಕಟ್ಟೆಯ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ಹೊಸದಾಗಿ ಐತೀರ್ಪನ್ನು ಮಾಡುವಂತೆ ಆಜ್ಞಾಪಿಸಿತು. ಹೆದ್ದಾರಿಗೆ ಜಮೀನು ಕೊಟ್ಟವರಿಗೂ ಉಳಿದವರಂತೆ ಹೆಚ್ಚುವರಿ ಹಣವೂ ಬಡ್ಡಿಯೂ ಸಲ್ಲತಕ್ಕದ್ದೆಂದು 2019ರ ಸೆಪ್ಟೆಂಬರ್ 19ರಂದು ಅದೇ ನ್ಯಾಯಾಲಯವು ತೀರ್ಪುಕೊಟ್ಟಿದೆ.

ಎರಡನೆಯ ಹಕ್ಕಿಗೆ ದೇವನಹಳ್ಳಿ ತಾಲೂಕಿನ ನಿದರ್ಶನವನ್ನು ನೋಡಬಹುದು. ಅಲ್ಲಿಯ ಚನ್ನರಾಯಪಟ್ಟಣ ಹೋಬಳಿಯ 1777 ಎಕರೆ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಅಧಿಸೂಚನೆ ಹೊರಟಿದ್ದಿತು. ರೈತರು ಮೂರು ವರ್ಷಗಳಿಗೂ ಮೇಲ್ಪಟ್ಟು ಒಗ್ಗಟ್ಟಿನಿಂದ ತಮ್ಮ ಆಕ್ಷೇಪಣೆಯನ್ನು ಮುಂದಿಟ್ಟುದರ ಫಲವಾಗಿ, 2025ರ ಜುಲೈ 15ರಂದು ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು.

4. ಪರಿಹಾರದ ಲೆಕ್ಕ

2013ರ ಕಾಯಿದೆಯ ಪ್ರಕಾರ ಜಮೀನಿನ ಬೆಲೆಯನ್ನು ಮೂರು ಬಗೆಯಿಂದ ನೋಡಿ, ಅವುಗಳಲ್ಲಿ ಹೆಚ್ಚಿನದನ್ನು ಹಿಡಿಯಬೇಕು: ನೋಂದಣಿಗೆ ಸರ್ಕಾರವು ಗೊತ್ತುಮಾಡಿದ ಬೆಲೆ; ಹಿಂದಿನ ಮೂರು ವರ್ಷಗಳಲ್ಲಿ ಸಮೀಪದಲ್ಲಿ ನೋಂದಣಿಯಾದ ಅಂಥದೇ ಜಮೀನಿನ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ; ಕಂಪೆನಿ ಅಥವಾ ಪಾಲುದಾರಿಕೆಯ ಯೋಜನೆಯಾದರೆ ಒಪ್ಪಿಗೆಯಾದ ಮೊತ್ತ. ಹಳ್ಳಿಗಳ ಜಮೀನಿನ ಬೆಲೆಯನ್ನು, ಪಟ್ಟಣದಿಂದ ಇರುವ ದೂರಕ್ಕೆ ಅನುಸಾರವಾಗಿ ಸರ್ಕಾರವು ಗೊತ್ತುಪಡಿಸಿದ 1ರಿಂದ 2ರವರೆಗಿನ ಗುಣಕದಿಂದ ಗುಣಿಸಬೇಕು. ಅದಕ್ಕೆ ಬಾವಿ, ಮರ, ಕಟ್ಟಡ ಮುಂತಾದವುಗಳ ಬೆಲೆಯನ್ನು ಕೂಡಿಸಬೇಕು. ಕೂಡಿಬಂದ ಮೊತ್ತದಷ್ಟೇ ಹಣವನ್ನು, ಎಂದರೆ ನೂರಕ್ಕೆ ನೂರರಷ್ಟನ್ನು, ಸಾಂತ್ವನ ಧನವೆಂದು ಮತ್ತೆ ಸೇರಿಸಬೇಕು. ಇದಲ್ಲದೆ ಪರಿಣಾಮ ಅಧ್ಯಯನದ ಅಧಿಸೂಚನೆಯಿಂದ ಐತೀರ್ಪಿನವರೆಗೆ ಅಥವಾ ಸ್ವಾಧೀನದವರೆಗೆ, ಯಾವುದು ಮೊದಲೋ ಅದುವರೆಗೆ, ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ನೂರಕ್ಕೆ 12ರಂತೆ ಹಣವು ಸಲ್ಲುತ್ತದೆ.

ಲೆಕ್ಕವು ಸುಲಭವಾಗಿ ತಿಳಿಯುವಂತೆ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಬ್ಬ ಒಕ್ಕಲಿಗನ 2 ಎಕರೆ ಜಮೀನು, ಎಕರೆಗೆ 6 ಲಕ್ಷ ರೂಪಾಯಿ ಬೆಲೆ, ಗುಣಕ 1.5; ಬಾವಿ ಮತ್ತು ಮರಗಳ ಬೆಲೆ 3 ಲಕ್ಷ; ಕಾಲ ಒಂದು ವರ್ಷ. ಜಮೀನಿನ ಬೆಲೆ 12 ಲಕ್ಷ. ಗುಣಿಸಿದರೆ 18 ಲಕ್ಷ. ಬಾವಿ ಮರಗಳು ಸೇರಿ 21 ಲಕ್ಷ. ಸಾಂತ್ವನ ಧನ ಸೇರಿ 42 ಲಕ್ಷ. 12 ಲಕ್ಷದ ಮೇಲೆ ನೂರಕ್ಕೆ 12ರಂತೆ 1 ಲಕ್ಷ 44 ಸಾವಿರ. ಒಟ್ಟು 43 ಲಕ್ಷ 44 ಸಾವಿರ ರೂಪಾಯಿ.

ಈಗ ಎರಡು ತಪ್ಪುಗಳ ಫಲವನ್ನು ನೋಡತಕ್ಕದ್ದು. ಆ ಊರಿನವರು ಮುದ್ರಾಶುಲ್ಕವನ್ನು ಉಳಿಸುವ ಆಸೆಯಿಂದ ಕ್ರಯಪತ್ರಗಳಲ್ಲಿ ನಿಜವಾದ ಬೆಲೆಯನ್ನು ಮುಚ್ಚಿ ಎಕರೆಗೆ 3 ಲಕ್ಷವೆಂದೇ ಬರೆಯಿಸುತ್ತ ಬಂದಿದ್ದು, ಸರ್ಕಾರದ ಬೆಲೆಯೂ ಅದಕ್ಕಿಂತ ಹೆಚ್ಚಿಲ್ಲದಿದ್ದರೆ, ಮೇಲಿನ ಲೆಕ್ಕವು 24 ಲಕ್ಷ 72 ಸಾವಿರಕ್ಕೆ ಇಳಿಯುವುದು. ಎಂದರೆ 18 ಲಕ್ಷ 72 ಸಾವಿರ ರೂಪಾಯಿ ನಷ್ಟ. ತನ್ನ ಪತ್ರದಲ್ಲಿ ಬೆಲೆಯನ್ನು ಮುಚ್ಚಿದವನು ನೆರೆಹೊರೆಯ ಎಲ್ಲರ ಜಮೀನಿನ ಬೆಲೆಯನ್ನೂ ಇಳಿಸಿದಂತಾಯಿತು. ಎರಡನೆಯದಾಗಿ, 3 ಲಕ್ಷದ ಬಾವಿ ಮರಗಳನ್ನು ಪಟ್ಟಿಯಲ್ಲಿ ಸೇರಿಸದೆ ಬಿಟ್ಟರೆ, ಸಾಂತ್ವನ ಧನವೂ ಅಷ್ಟಕ್ಕೆ ತಪ್ಪಿಹೋಗಿ 6 ಲಕ್ಷ ನಷ್ಟವಾಗುವುದು. ಬಿಟ್ಟುಹೋದ ಪ್ರತಿಯೊಂದು ರೂಪಾಯಿಗೂ ಎರಡು ರೂಪಾಯಿ ಕೈತಪ್ಪುವುದೆಂದು ನೆನಪಿಡತಕ್ಕದ್ದು.

5. ನೋಟೀಸಿಗೆ ಮೊದಲು ಮಾಡಿಡತಕ್ಕ ಕೆಲಸ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ವ್ಯರ್ಥ. ಅಧಿಸೂಚನೆಯಾದ ಮೇಲೆ ಜಮೀನಿನ ಮಾರಾಟ, ಪರಭಾರೆಗಳಿಗೆ ಅಡ್ಡಿಯುಂಟಾಗುತ್ತದೆ. ಆಮೇಲೆ ಹೊಸದಾಗಿ ಹುಟ್ಟಿಸಿದ ದಾಖಲೆಗೆ ಬೆಲೆಯೂ ಕಡಿಮೆ. ಆದಕಾರಣ ಸ್ವಾಧೀನದ ಸುದ್ದಿಯಿರಲಿ ಇಲ್ಲದಿರಲಿ, ಕೆಳಕಂಡ ಕೆಲಸಗಳನ್ನು ಪ್ರತಿಯೊಬ್ಬ ಭೂಮಾಲೀಕನೂ ಮುಗಿಸಿಟ್ಟಿರಬೇಕು.

ಪೌತಿ ಖಾತೆ: ತಂದೆ, ಅಜ್ಜಂದಿರ ಹೆಸರಿನಲ್ಲಿಯೇ ಉಳಿದಿರುವ ಪಹಣಿಗಳು ಈ ತಾಲೂಕುಗಳಲ್ಲಿ ಅಪರೂಪವಲ್ಲ. ನೋಟೀಸು ಪಹಣಿಯ 9ನೆಯ ಕಾಲಮಿನಲ್ಲಿರುವ ಹೆಸರಿಗೆ ಹೊರಡುತ್ತದೆ. ಆ ಹೆಸರಿನವರು ತೀರಿಹೋಗಿದ್ದರೆ ನೋಟೀಸು ಮುಟ್ಟುವುದಿಲ್ಲ. ಅಣ್ಣತಮ್ಮಂದಿರಲ್ಲಿ ಪಾಲಿನ ವ್ಯಾಜ್ಯವೆದ್ದರೆ ಹಣವು ಪ್ರಾಧಿಕಾರದಲ್ಲಿ ಠೇವಣಿಯಾಗಿ ಬಿದ್ದಿರುತ್ತದೆ. ಹೆಣ್ಣುಮಕ್ಕಳ ಪಾಲನ್ನೂ ಬಿಡದೆ ವಾರಸುದಾರರ ಹೆಸರಿಗೆ ಖಾತೆಯನ್ನು ಮಾಡಿಸಿಕೊಳ್ಳತಕ್ಕದ್ದು.

ಪೋಡಿ ಮತ್ತು ಅಳತೆ: ಒಂದೇ ಸರ್ವೆ ನಂಬರಿನಲ್ಲಿ ಹಲವರ ಹಿಸ್ಸೆಗಳಿದ್ದು ಪೋಡಿಯಾಗದಿದ್ದರೆ, ರಸ್ತೆಯು ಯಾರ ಭಾಗದಲ್ಲಿ ಹಾದುಹೋಯಿತೆಂಬುದೇ ತಿಳಿಯುವುದಿಲ್ಲ. ಎಕರೆ, ಸೆಂಟ್ಸುಗಳ ವಿಸ್ತೀರ್ಣವು ಆಕಾರಬಂದಿನಲ್ಲಿಯೂ ಪಹಣಿಯಲ್ಲಿಯೂ ಒಂದೇ ಆಗಿದೆಯೇ ಎಂದು ತಾಳೆ ನೋಡಬೇಕು.

ನೀರಾವರಿಯ ದಾಖಲೆ: ಬಹಳ ಮಂದಿ ಕೊಳವೆಬಾವಿಯನ್ನು ಕೊರೆಯಿಸಿ ಬಾಗಾಯ್ತು ಮಾಡಿಕೊಂಡಿದ್ದರೂ ಪಹಣಿಯಲ್ಲಿ ಜಮೀನು ಖುಷ್ಕಿಯೆಂದೇ ಉಳಿದಿರುತ್ತದೆ. ಖುಷ್ಕಿಗೂ ನೀರಾವರಿಗೂ ಬೆಲೆಯಲ್ಲಿ ಬಹಳ ಅಂತರವುಂಟು. ವಿದ್ಯುತ್ ಸಂಪರ್ಕದ ಪತ್ರ, ಬಾವಿ ಕೊರೆಯಿಸಿದ ರಸೀತಿ, ಹನಿ ನೀರಾವರಿಯ ಸಹಾಯಧನದ ಆದೇಶ, ಕೃಷಿಹೊಂಡದ ದಾಖಲೆ ಇವುಗಳನ್ನು ಜೋಪಾನವಾಗಿಟ್ಟು, ಪಹಣಿಯಲ್ಲಿ ನಮೂದು ಮಾಡಿಸಬೇಕು.

ಬೆಳೆಯ ದಾಖಲೆ: ಪಹಣಿಯ 12ನೆಯ ಕಾಲಮಿನಲ್ಲಿ ಬರುವ ಬೆಳೆಯು ಹೊಲದಲ್ಲಿರುವ ಬೆಳೆಯೇ ಆಗಿರಬೇಕು. ಈಗ ಬೆಳೆ ಸಮೀಕ್ಷೆಯನ್ನು ರೈತನೇ ತನ್ನ ಮೊಬೈಲಿನಿಂದ ಮಾಡಲು ಅವಕಾಶವಿದೆ. ದಾಳಿಂಬೆ ಬೆಳೆದಿರುವ ಹೊಲವು ಮೆಕ್ಕೆಜೋಳವೆಂದೋ, ಮಲ್ಲಿಗೆಯ ತೋಟವು ಪಾಳುಭೂಮಿಯೆಂದೋ ದಾಖಲಾಗಿದ್ದರೆ ಕೂಡಲೆ ಆಕ್ಷೇಪಣೆ ಸಲ್ಲಿಸಿ ತಿದ್ದಿಸತಕ್ಕದ್ದು. ಬೆಳೆಯನ್ನು ಮಾರಿದ ಮಾರುಕಟ್ಟೆಯ ಪಟ್ಟಿಗಳನ್ನು ಮೂರು ನಾಲ್ಕು ವರ್ಷಗಳವರೆಗೆ ತೆಗೆದಿಡುವುದು ಒಳ್ಳೆಯ ಅಭ್ಯಾಸ.

6. ಜಂಟಿ ಅಳತೆ ಮತ್ತು ಮಹಜರಿನ ದಿನ

ಅಧಿಕಾರಿಗಳು ಜಂಟಿ ಅಳತೆಗೆ ಬರುವ ದಿನವು ಭೂಮಾಲೀಕನಿಗೆ ಬಹು ಮುಖ್ಯವಾದ ದಿನ. ಅಂದು ಹೊಲದಲ್ಲಿ ಖುದ್ದಾಗಿ ಹಾಜರಿರತಕ್ಕದ್ದು. ಹೊಲದಲ್ಲಿರುವುದೆಲ್ಲದರ ಪಟ್ಟಿಯನ್ನು ಮುಂಚೆಯೇ ಬರೆದು ಎರಡು ಪ್ರತಿ ಮಾಡಿ, ಒಂದನ್ನು ಅಧಿಕಾರಿಗೆ ಕೊಟ್ಟು ಮತ್ತೊಂದರ ಮೇಲೆ ಸ್ವೀಕೃತಿಯನ್ನು ಪಡೆಯಬೇಕು. ಕಲ್ಲುಕಟ್ಟಿದ ಬಾವಿ, ಕೊಳವೆಬಾವಿ ಮತ್ತು ಅದರ ಆಳ, ಪಂಪು, ಪೈಪುಗಳು, ಒಡ್ಡುಗಳು, ಬೇಲಿ, ಕಣ, ದನದ ಕೊಟ್ಟಿಗೆ, ಹೊಲಮನೆ ಇವೊಂದನ್ನೂ ಬಿಡಕೂಡದು. ಮರಗಳನ್ನು ಜಾತಿ, ವಯಸ್ಸು, ಸುತ್ತಳತೆ, ಫಸಲು ಇವುಗಳ ಸಹಿತ ಎಣಿಸಬೇಕು. ಛಾಯಾಚಿತ್ರಗಳನ್ನು ತಾರೀಖು ಕಾಣುವಂತೆ ತೆಗೆದಿಡಬೇಕು.

ಕೂಡ್ಲಿಗಿ ಸೀಮೆಯಲ್ಲಿ ಹುಣಸೆಯ ಮರಗಳು ಹೇರಳ. ಫಲಬಿಡುವ ಹುಣಸೆಯನ್ನು ಸೌದೆಯ ತೂಕದಿಂದ ಬೆಲೆಕಟ್ಟುವುದು ನ್ಯಾಯವಲ್ಲ. ಅದು ಇನ್ನೆಷ್ಟು ವರ್ಷ ಫಲಕೊಡುವುದೆಂಬುದೂ ಲೆಕ್ಕಕ್ಕೆ ಬರಬೇಕು. ಹಡಗಲಿಯ ಮಲ್ಲಿಗೆಯೂ ಹಾಗೆಯೇ. ಒಮ್ಮೆ ನೆಟ್ಟ ಗಿಡವು ಹಲವು ವರ್ಷ ಹೂಕೊಡುವುದರಿಂದ ಅದನ್ನು ಒಂದೇ ಹಂಗಾಮಿನ ಬೆಳೆಯಂತೆ ಎಣಿಸಕೂಡದು. ಮರಗಿಡಗಳ ಬೆಲೆ ಕಟ್ಟುವುದಕ್ಕೆ ಕೃಷಿ, ಅರಣ್ಯ, ತೋಟಗಾರಿಕೆ, ರೇಷ್ಮೆ ಮುಂತಾದ ವಿಷಯಗಳಲ್ಲಿ ಅನುಭವವುಳ್ಳವರ, ನಿಂತ ಬೆಳೆಯ ನಷ್ಟವನ್ನು ಕಟ್ಟುವುದಕ್ಕೆ ಕೃಷಿಯಲ್ಲಿ ಅನುಭವವುಳ್ಳವರ ಸಹಾಯವನ್ನು ಜಿಲ್ಲಾಧಿಕಾರಿಗಳು ಪಡೆಯಬಹುದೆಂದು 29ನೆಯ ಕಲಮು ಹೇಳುತ್ತದೆ. ಹೀಗಿರುವಲ್ಲಿ, ಇಂಥ ತಜ್ಞರನ್ನು ಕರೆಯಿಸಬೇಕೆಂದು ಭೂಮಾಲೀಕನು ಲಿಖಿತವಾಗಿ ಬೇಡಿಕೊಳ್ಳುವುದು ಉಚಿತ.

ಹೊಲವು ಸೀಳಿಹೋಗುವ ನಷ್ಟವನ್ನೂ ಮರೆಯಬಾರದು. ಕಾಲುವೆಯೋ ಹೆದ್ದಾರಿಯೋ ಹೊಲದ ನಡುವೆ ಹಾದು, ಬಾವಿಯು ಒಂದು ಮಗ್ಗುಲಿಗೂ ಭೂಮಿಯು ಇನ್ನೊಂದು ಮಗ್ಗುಲಿಗೂ ಉಳಿದರೆ, ಉಳಿದ ಭೂಮಿಯ ಬೆಲೆಯೂ ಇಳಿಯುತ್ತದೆ. ಈ ನಷ್ಟಕ್ಕೂ ಪರಿಹಾರವನ್ನು ಕೇಳಲು 28ನೆಯ ಕಲಮು ಅವಕಾಶಕೊಡುತ್ತದೆ. ಗಾಡಿ ದಾಟುವ ದಾರಿ, ಪೈಪು ಹಾಯಿಸುವ ಕೊಳವೆ, ಮಳೆನೀರು ಹರಿದುಹೋಗುವ ಮೋರಿ ಇವುಗಳನ್ನು ಕಾಮಗಾರಿಯ ನಕ್ಷೆ ಗಟ್ಟಿಯಾಗುವ ಮೊದಲೇ ಕೇಳಿಕೊಳ್ಳಬೇಕು. ರಸ್ತೆಯಾದ ಮೇಲೆ ಕೇಳಿದರೆ ಫಲವು ಕಷ್ಟ.

ಮಹಜರನ್ನು ಓದಿಸಿ ಕೇಳಿದ ಹೊರತು ರುಜು ಮಾಡಕೂಡದು. ಯಾವುದಾದರೂ ಬಿಟ್ಟುಹೋಗಿದ್ದರೆ ರುಜುವಿನ ಕೆಳಗೆ ಅದನ್ನು ಬರೆಯತಕ್ಕದ್ದು. ಬರಿಯ ಕಾಗದದ ಮೇಲೆ ಯಾರಿಗೂ ಹೆಬ್ಬೆಟ್ಟು ಒತ್ತಿಕೊಡಬಾರದು.

7. ಆಕ್ಷೇಪಣೆಯ ಬರವಣಿಗೆ

ಜಮೀನನ್ನು ಕೊಡುವುದಿಲ್ಲವೆಂಬ ಒಂದೇ ವಾಕ್ಯದ ಅರ್ಜಿಯಿಂದ ಪ್ರಯೋಜನವಿಲ್ಲ. ತೆಗೆದುಕೊಳ್ಳಲಿರುವ ವಿಸ್ತೀರ್ಣವು ಅಗತ್ಯಕ್ಕಿಂತ ಹೆಚ್ಚೆಂದೋ, ಸಮೀಪದಲ್ಲಿ ಪಾಳುಭೂಮಿಯಿದೆಯೆಂದೋ, ಜಮೀನು ಎರಡು ಬೆಳೆ ತೆಗೆಯುವ ನೀರಾವರಿಯದೆಂದೋ, ಉದ್ದೇಶವು ಸಾರ್ವಜನಿಕವಲ್ಲವೆಂದೋ, ಪರಿಣಾಮ ಅಧ್ಯಯನದ ವರದಿಯಲ್ಲಿ ಇಂಥ ಸಂಗತಿ ತಪ್ಪಾಗಿದೆಯೆಂದೋ ಕಾರಣವನ್ನು ಸ್ಪಷ್ಟವಾಗಿ ಹೇಳಿ, ಪಹಣಿ, ನಕ್ಷೆಗಳನ್ನು ಲಗತ್ತಿಸಬೇಕು. ಪ್ರತಿಯೊಬ್ಬನೂ ತನ್ನ ಸರ್ವೆ ನಂಬರಿಗೆ ಪ್ರತ್ಯೇಕವಾದ ಅರ್ಜಿಯನ್ನು ಕೊಡುವುದು ಮೇಲು. ವಾಯಿದೆಯೊಳಗೆ ಸಲ್ಲಿಸಿ ಸ್ವೀಕೃತಿಯನ್ನು ಪಡೆದು, ವಿಚಾರಣೆಯ ದಿನ ಖುದ್ದಾಗಿಯೋ ವಕೀಲರ ಮೂಲಕವೋ ಹಾಜರಾಗತಕ್ಕದ್ದು.

ಕಾಲಮಿತಿಯು ಸರ್ಕಾರದ ಮೇಲೂ ಉಂಟು. 2013ರ ಕಾಯಿದೆಯಲ್ಲಿ ಪ್ರಾಥಮಿಕ ಅಧಿಸೂಚನೆಯಿಂದ 12 ತಿಂಗಳೊಳಗೆ ಘೋಷಣೆಯೂ, ಘೋಷಣೆಯಿಂದ 12 ತಿಂಗಳೊಳಗೆ ಐತೀರ್ಪೂ ಆಗಬೇಕು. ಕ್ರಮವಾಗಿ ವಿಸ್ತರಿಸದ ಹೊರತು ಈ ಕಾಲವು ಮೀರಿದರೆ ನಡವಳಿಯು ಬಿದ್ದುಹೋಗುತ್ತದೆ. ತುರ್ತಿನ ಅಧಿಕಾರವನ್ನು ದೇಶರಕ್ಷಣೆ ಮತ್ತು ಪ್ರಕೃತಿವಿಕೋಪದಂಥ ಸಂದರ್ಭಗಳಿಗೆ ಮಾತ್ರ ಮಿತಿಗೊಳಿಸಲಾಗಿದೆ. ಐತೀರ್ಪಿನಿಂದ ಮೂರು ತಿಂಗಳೊಳಗೆ ಪರಿಹಾರವನ್ನು ಪೂರ್ತಿಯಾಗಿ ಕೊಟ್ಟ ಬಳಿಕವೇ ಜಮೀನಿನ ಸ್ವಾಧೀನವನ್ನು ಪಡೆಯಬೇಕೆಂಬುದು ಸಾಮಾನ್ಯ ನಿಯಮ.

8. ಹಣವನ್ನು ಪಡೆಯುವಾಗ

ಐತೀರ್ಪಿನ ಮೊತ್ತವು ಕಡಿಮೆಯೆಂದು ತೋರಿದರೂ ಹಣವನ್ನು ನಿರಾಕರಿಸಬೇಕಾಗಿಲ್ಲ. ಆದರೆ ಪಡೆಯುವಾಗ ರಸೀತಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು ಪಡೆದಿದೆ’ ಎಂದು ಬರೆದೇ ರುಜು ಮಾಡತಕ್ಕದ್ದು. ಈ ಮಾತಿಲ್ಲದೆ ಹಣವನ್ನು ಪಡೆದವನಿಗೆ ಹೆಚ್ಚಿನ ಪರಿಹಾರಕ್ಕಾಗಿ ಪ್ರಾಧಿಕಾರಕ್ಕೆ ಮೊರೆಯಿಡುವ ಹಕ್ಕು ಇಲ್ಲದೆಹೋಗುತ್ತದೆಂದು 77ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ಮೊರೆಯನ್ನು 64ನೆಯ ಕಲಮಿನ ಪ್ರಕಾರ, ಐತೀರ್ಪಿನ ವೇಳೆ ಹಾಜರಿದ್ದವನು ಆ ದಿನದಿಂದ ಆರು ವಾರಗಳೊಳಗೆ ಸಲ್ಲಿಸಬೇಕು. ಹಾಜರಿಲ್ಲದವನಿಗೆ ನೋಟೀಸು ಮುಟ್ಟಿದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಇವುಗಳಲ್ಲಿ ಮೊದಲು ಮುಗಿಯುವುದೇ ವಾಯಿದೆ.

ಒಪ್ಪಂದದ ದರವನ್ನು ಸ್ವೀಕರಿಸುವಾಗ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಒಪ್ಪಂದಕ್ಕೆ ರುಜು ಮಾಡಿದ ಮೇಲೆ ಹೆಚ್ಚಿನ ದರವನ್ನು ಕೇಳುವ ದಾರಿಯು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಒಪ್ಪಂದದ ಮೊತ್ತವನ್ನು ಮೇಲಿನ ಲೆಕ್ಕದೊಡನೆ ಹೋಲಿಸಿ ನೋಡಿದ ಬಳಿಕವೇ ಒಪ್ಪುವುದೋ ಬಿಡುವುದೋ ನಿಶ್ಚಯಿಸಬೇಕು. ಯೋಜನೆಯ ಸುಳಿವನ್ನು ಮೊದಲೇ ಹಿಡಿದು, ಅಗ್ಗದ ಬೆಲೆಗೆ ಕರಾರುಪತ್ರವನ್ನೋ ಅಧಿಕಾರಪತ್ರವನ್ನೋ ಬರೆಯಿಸಿಕೊಳ್ಳಲು ಬರುವ ದಲ್ಲಾಳಿಗಳನ್ನು ದೂರವಿಡತಕ್ಕದ್ದು. 2013ರ ಕಾಯಿದೆಯ ಪ್ರಕಾರ ದೊರೆತ ಪರಿಹಾರಕ್ಕೆ 96ನೆಯ ಕಲಮು ಸಾಮಾನ್ಯವಾಗಿ ಆದಾಯ ತೆರಿಗೆಯ ವಿನಾಯಿತಿಯನ್ನು ಕೊಟ್ಟಿದೆ; ತೆರಿಗೆಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ನಂಬಬಾರದು.

ತೆಗೆದುಕೊಂಡ ಜಮೀನು ಉಪಯೋಗವಾಗದೆ ಬಿದ್ದಿದ್ದರೆ ಏನು ಗತಿ ಎಂಬ ಪ್ರಶ್ನೆಯೂ ಉಂಟು. ನೆರೆಯ ಬಳ್ಳಾರಿ ಜಿಲ್ಲೆಯ ಕುಡತಿನಿ ಸುತ್ತಿನ ಹಳ್ಳಿಗಳಲ್ಲಿ 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಭೂಮಿಯನ್ನು ತೆಗೆದುಕೊಳ್ಳಲಾಯಿತು. ಕಾರ್ಖಾನೆಗಳು ಏಳಲಿಲ್ಲವೆಂದೂ ಪರಿಹಾರವು ಸಾಲದೆಂದೂ ಅಲ್ಲಿಯ ರೈತರು 2022ರ ಡಿಸೆಂಬರಿನಲ್ಲಿ ಧರಣಿಗೆ ಕುಳಿತರು. ಐದು ವರ್ಷ ಉಪಯೋಗಿಸದ ಜಮೀನನ್ನು ಮೂಲ ಮಾಲೀಕರಿಗೋ ವಾರಸುದಾರರಿಗೋ ಸರ್ಕಾರದ ಭೂಬ್ಯಾಂಕಿಗೋ ಹಿಂದಿರುಗಿಸಬೇಕೆಂದು 2013ರ ಕಾಯಿದೆಯ 101ನೆಯ ಕಲಮು ಹೇಳುತ್ತದೆ. ಆದರೆ ಬೇರೆ ಕಾಯಿದೆಗಳಿಂದ ತೆಗೆದುಕೊಂಡ ಭೂಮಿಗೂ ಈ ನಿಯಮವೇ ಸಲ್ಲುವುದೆಂದು ಭಾವಿಸಿ ಸುಮ್ಮನಿರಕೂಡದು. ಭೂಮಿಯು ಕೈಬಿಡುವ ಮೊದಲೇ ಉದ್ದೇಶವನ್ನೂ ಉದ್ಯೋಗದ ಭರವಸೆಗಳನ್ನೂ ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಪಡೆಯಬೇಕು.

9. ಗ್ರಾಮಮುಖಂಡರ ಕರ್ತವ್ಯ

ಭೂಸ್ವಾಧೀನದ ಕಾಲದಲ್ಲಿ ಒಬ್ಬೊಬ್ಬರಾಗಿ ಅಲೆದವರಿಗಿಂತ ಊರೊಟ್ಟಿಗೆ ನಡೆದವರಿಗೆ ಹೆಚ್ಚಿನ ಫಲವು ದೊರೆಯುತ್ತದೆ. ಅಧಿಸೂಚನೆಯ ಪ್ರತಿಯನ್ನು ಪಂಚಾಯತಿಯ ಕಟ್ಟೆಯಲ್ಲಿ ಗಟ್ಟಿಯಾಗಿ ಓದಿಸುವುದು, ಯಾವ ಸರ್ವೆ ನಂಬರುಗಳು ಸೇರಿವೆಯೆಂದು ಪಟ್ಟಿಮಾಡುವುದು, ಹೊರಊರಿಗೆ ದುಡಿಯಲು ಹೋದವರಿಗೆ ಸುದ್ದಿ ಮುಟ್ಟಿಸುವುದು, ಗ್ರಾಮಸಭೆಯ ನಡವಳಿಯನ್ನು ಬರೆಯಿಸುವುದು ಇವು ಮುಖಂಡರ ಕೆಲಸಗಳು. ಗೇಣಿದಾರರು, ಕೂಲಿಕಾರರು, ಕುರಿಗಾಹಿಗಳು ಇವರನ್ನು ಮರೆಯಕೂಡದು. ಸ್ವಾಧೀನಕ್ಕೆ ಮೊದಲಿನ ಮೂರು ವರ್ಷಗಳಿಂದ ಆ ಭೂಮಿಯಿಂದಲೇ ಮುಖ್ಯವಾಗಿ ಜೀವನ ನಡೆಸಿದವರೂ ಬಾಧಿತ ಕುಟುಂಬಗಳಾಗಿ ಎಣಿಕೆಯಾಗಬೇಕೆಂದು ಕಾಯಿದೆಯು ಹೇಳುತ್ತದೆ. ಅವರ ಹೆಸರುಗಳನ್ನು ಪಟ್ಟಿಗೆ ಸೇರಿಸದಿದ್ದರೆ ಅವರ ಪರವಾಗಿ ಮಾತಾಡುವ ದಾಖಲೆಯೇ ಇರುವುದಿಲ್ಲ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ಸಹಾಯವು ದೊರೆಯುತ್ತದೆ. ಅವರನ್ನು ಅಲ್ಲಿಗೆ ಕರೆದೊಯ್ಯತಕ್ಕದ್ದು.

ಸರ್ಕಾರದ ಕಾರ್ಯಕ್ಕೆ ಅಡ್ಡಬರುವುದು ಈ ಸಲಹೆಗಳ ಉದ್ದೇಶವಲ್ಲ. ದಾಖಲೆಗಳು ನೇರವಾಗಿದ್ದು, ಆಕ್ಷೇಪಣೆಗಳು ಕಾಲಕ್ಕೆ ಬಂದು, ಬೆಲೆಯು ನ್ಯಾಯವಾಗಿ ಗೊತ್ತಾದಲ್ಲಿ ಕಾಲುವೆಯೂ ರಸ್ತೆಯೂ ಬೇಗನೆ ಮುಗಿಯುತ್ತವೆ. ಕೋರ್ಟಿನ ಮೆಟ್ಟಿಲು ಸವೆಯುವುದು ಇಬ್ಬರಿಗೂ ತಪ್ಪುತ್ತದೆ. ಆದುದರಿಂದ ಈ ಹಂಗಾಮಿನ ಕೆಲಸಗಳು ಮುಗಿದ ಬಿಡುವಿನಲ್ಲಿ, ಪ್ರತಿಯೊಂದು ಮನೆಯವರೂ ತಮ್ಮ ಪಹಣಿ, ನಕ್ಷೆ, ಕ್ರಯಪತ್ರ, ಬಾವಿಯ ರಸೀತಿಗಳನ್ನು ಒಂದು ಕಡೆ ಕೂಡಿಸಿ ತಾಳೆ ನೋಡಿ, ತಪ್ಪಿದ್ದಲ್ಲಿ ಗ್ರಾಮ ಆಡಳಿತ ಅಧಿಕಾರಿಗೂ ತಹಸೀಲ್ದಾರರಿಗೂ ಅರ್ಜಿಕೊಟ್ಟು ತಿದ್ದಿಸಿಕೊಳ್ಳತಕ್ಕದ್ದು.